ಲಾನ್‌ನಲ್ಲಿ ಮೂರು ಕಡೆ ಹುಲ್ಲು ಹೋಗಿದೆ, ಯೂರಿಯಾ ಎರಚಿದ್ದು ನಾನೇ

ಹಿತ್ತಲ ಗಿಡ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಸಣ್ಣ ಲಾನ್ ಇದೆ. ಹಾಕಿಸಿ ಎರಡು ವರ್ಷ ಆಯಿತು. ಗರಿಕೆ ಜಾತಿಯ ಹುಲ್ಲು. ಮೊದಲ ವರ್ಷ ಚಾಪೆ ಹಾಸಿದ ಹಾಗಿತ್ತು. ಈಗ ನುಸಿ ತಿಂದ ಹಳೇ ಕಂಬಳಿ ಹಾಗೆ ಕಾಣುತ್ತದೆ.

ಮೂರು ಕಡೆ ಕೆಟ್ಟಿದೆ. ಹಿಂಬಾಗಿಲಿನ ಹತ್ತಿರದಿಂದ ನಡುವಿನ ತನಕ ಬಿಲ್ಲಿನ ಹಾಗೆ ಬಾಗಿದ ಹಳದಿ ಪಟ್ಟೆಗಳು. ಬೇಲಿ ಪಕ್ಕದಲ್ಲಿ ಇನ್ನೊಂದು, ತಟ್ಟೆಯಷ್ಟಿದ್ದದ್ದು ಈಗ ಒಬ್ಬರು ಕಾಲು ಚಾಚಿ ಕೂರುವಷ್ಟು ಅಗಲ ಆಗಿದೆ. ಮೂರನೆಯದು ಮರದ ಕೆಳಗೆ. ಅಲ್ಲಿ ಹುಲ್ಲು ಒಣಗಿದೆ ಅನ್ನುವ ಹಾಗೂ ಇಲ್ಲ, ಹುಲ್ಲೇ ಇಲ್ಲ.

ಮಾಡಿದ್ದನ್ನೆಲ್ಲ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ. ದಿನಾ ಸಂಜೆ ಐದು ನಿಮಿಷ ಸ್ಪ್ರಿಂಕ್ಲರ್ ಬಿಡುತ್ತೇನೆ. ಎರಡು ವಾರದ ಹಿಂದೆ ಹುಲ್ಲು ಯಾಕೋ ಪೇಲವ ಅನ್ನಿಸಿತು. ಮನೆಯಲ್ಲಿ ಒಂದು ಕೆಜಿ ಯೂರಿಯಾ ಇತ್ತು. ಒಂದು ಸುತ್ತು ಮಳೆ ಬಂದು ನಿಂತಿತ್ತು, ಬಿಸಿಲೂ ಬಿದ್ದಿತ್ತು. ಒಳ್ಳೇ ಸಮಯ ಅಂತ ಅಷ್ಟನ್ನೂ ಎರಚಿಬಿಟ್ಟೆ. ಹುಲ್ಲು ಕತ್ತರಿಸುವುದು ಮನೆಯವರ ಕೆಲಸ. ತಿಂಗಳಿಗೊಮ್ಮೆ, ಪೂರ್ತಿ ಬೋಳು. ಗಿಡ್ಡ ಮಾಡಿದರೆ ಇನ್ನೊಂದು ತಿಂಗಳು ತಲೆನೋವಿಲ್ಲ ಅನ್ನುವುದು ಅವರ ಲೆಕ್ಕ.

ಈಗ ಎಲ್ಲಾ ಅಗೆದು ಹೊಸದು ಹಾಕಿಸೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಯಾವ ಔಷಧಿ ಹೊಡೆಯಲಿ?

ಹಸಿರು ಬಾಗಿಲು:

ಇದು ಫಂಗಸ್ಸೇ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಫಂಗಸ್ ಔಷಧಿ ಎರಡು ಸಲ ಹೊಡೆಯಿರಿ, ಸರಿಹೋಗುತ್ತದೆ. ಮನೆಯಲ್ಲಿ ನಾಯಿ ಇದೆಯಾ? ನಾಯಿ ಉಚ್ಚೆ ಹೊಯ್ದರೂ ಹೀಗೆ ಆಗುತ್ತದೆ.

ರೋಲರ್ ತಾತ:

ಔಷಧಿ ಆಮೇಲೆ ಹೊಡೆಯಿರಿ ಅಮ್ಮಾ. ಮೊದಲು ಮಂಡಿಯೂರಿ ಹುಲ್ಲನ್ನು ನೋಡಿ.

ನಾನು ಇಪ್ಪತ್ತೆರಡು ವರ್ಷ ಆಟದ ಮೈದಾನದ ಹುಲ್ಲು ನೋಡಿಕೊಂಡವನು. ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನಿಮ್ಮಲ್ಲಿರುವುದು ಒಂದು ರೋಗ ಅಲ್ಲ, ಮೂರು ಬೇರೆ ಬೇರೆ ತೊಂದರೆ. ಮೂರಕ್ಕೂ ಒಂದೇ ಬಾಟಲಿ ಹುಡುಕಿದರೆ ಸಿಗುವುದಿಲ್ಲ.

ಬಾಗಿಲ ಹತ್ತಿರದ್ದು ಯೂರಿಯಾ ಸುಟ್ಟಿದ್ದು. ನೀವು ಬಾಗಿಲಲ್ಲಿ ನಿಂತು ಕೈ ಬೀಸಿದ್ದೀರಿ, ಕೈ ಬೀಸಿದ ಹಾಗೇ ಪಟ್ಟೆ ಬಿದ್ದಿದೆ. ಫಂಗಸ್‌ಗೆ ಕೈ ಬೀಸಿದ ಅಳತೆಗೆ ಪಟ್ಟೆ ಬಿಡಿಸಲು ಬರುವುದಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ನಿಮ್ಮ ಲಾನ್ ಸುಮಾರು 28 ಚದರ ಮೀಟರ್. ಒಂದು ಸಲಕ್ಕೆ ಹೆಚ್ಚೆಂದರೆ 300 ಗ್ರಾಂ ಸಾಕು, ನೀವು ಹಾಕಿದ್ದು ಮೂರು ಪಟ್ಟಿಗಿಂತ ಜಾಸ್ತಿ. ಅದೂ ಒದ್ದೆ ಎಲೆಯ ಮೇಲೆ. ಕಾಳು ಎಲೆಗೆ ಅಂಟಿಕೊಂಡು ಅಲ್ಲೇ ಕರಗುತ್ತದೆ, ಎಲೆಯೊಳಗಿನ ನೀರನ್ನೇ ಹೀರುತ್ತದೆ. ಯಾವಾಗಲೂ ಎಲೆ ಒಣಗಿದ್ದಾಗ ಎರಚಿ, ತಕ್ಷಣ ನೀರು ಬಿಟ್ಟು ಮಣ್ಣಿಗೆ ಇಳಿಸಬೇಕು. ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿದರೆ ಪಟ್ಟೆ ಬೀಳುವುದಿಲ್ಲ.

ಬೇಲಿ ಪಕ್ಕದ್ದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ. ಜಮಖಾನೆ ಸುತ್ತಿದ ಹಾಗೆ ಎದ್ದು ಬಂದರೆ ಬೇರನ್ನು ಯಾರೋ ತಿಂದಿದ್ದಾರೆ ಅಂತ ಅರ್ಥ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಬೆರಳು ಆಳ ಅಗೆದು ಗೊಣ್ಣೆ ಹುಳು ಎಷ್ಟಿವೆ ಎಣಿಸಿ. ಅಂಚಿನಲ್ಲಿ ಅಗೆಯಿರಿ, ಒಣಗಿದ್ದೂ ಹಸಿರೂ ಸೇರುವ ಕಡೆ. ನಡುವೆ ಅಗೆದರೆ ಸಿಗುವುದು ಕಡಿಮೆ, ತಿಂದು ಮುಗಿಸಿ ಮುಂದೆ ಹೋಗಿರುತ್ತವೆ.

ಮರದ ಕೆಳಗೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ? ಅದನ್ನೂ ನೋಡಿ ಹೇಳಿ.

ಇನ್ನೊಂದು. ಒಂದೇ ಅಳತೆಯ ನಾಲ್ಕು ಚಪ್ಪಟೆ ಡಬ್ಬಿ ಲಾನ್ ಮೇಲೆ ಇಟ್ಟು ಹತ್ತು ನಿಮಿಷ ಸ್ಪ್ರಿಂಕ್ಲರ್ ಬಿಡಿ. ಸ್ಕೇಲ್ ಇಟ್ಟು ನೀರು ಅಳೆಯಿರಿ. ದಿನಾ ಐದು ನಿಮಿಷ ಅನ್ನುವ ಮಾತು ಕೇಳಿದರೇ ನನಗೆ ಅನುಮಾನ.

ಹಸಿರು ಬಾಗಿಲು ಅವರೇ, ಫಂಗಸ್ ಆಗಿದ್ದರೆ ಸಾಮಾನ್ಯವಾಗಿ ಎಲೆ ಮೇಲೆ ಚುಕ್ಕೆ ಇರುತ್ತದೆ. ಕೆಲವು ಸಲ ಬೆಳಗ್ಗೆ ಇಬ್ಬನಿ ಆರುವ ಮುಂಚೆ ಹತ್ತಿ ನೂಲಿನಂಥ ಬಲೆ ಕಾಣುತ್ತದೆ. ನಾಯಿದಾದರೆ ನಡುವೆ ಕಂದು, ಸುತ್ತ ಕಡು ಹಸಿರು ಬಳೆ.

ಹಿತ್ತಲ ಗಿಡ:

ನಾಯಿ ಇಲ್ಲ. ಇರುವ ಒಬ್ಬ ಮಗ ಬಾತ್‌ರೂಮಿಗೇ ಹೋಗುತ್ತಾನೆ.

ತಾತ, ನೀವು ಹೇಳಿದ್ದೆಲ್ಲ ಮಾಡಿದೆ. ಬಾಗಿಲಲ್ಲಿ ನಿಂತು ಖಾಲಿ ಕೈ ಬೀಸಿ ನೋಡಿದೆ. ಪಟ್ಟೆಗೂ ಕೈಗೂ ಸರಿಯಾಗಿ ಹೊಂದಿತು. ಇವರು ಅಡುಗೆಮನೆ ಕಿಟಕಿಯಿಂದ ನೋಡಿ ನಕ್ಕರು.

ಬೇಲಿ ಪಕ್ಕದ ಹುಲ್ಲು ಎಳೆದ ಕೂಡಲೇ ಎದ್ದು ಬಂತು. ಒಂದು ಎಳೆ ಬೇರೂ ಇಲ್ಲ. ಅಂಚಿನಲ್ಲಿ ಅಗೆದು ಎಣಿಸಿದೆ, ಹದಿನಾಲ್ಕು. ಬಿಳಿ ಮೈ, ಕಂದು ತಲೆ, ಕುಡುಗೋಲಿನ ಹಾಗೆ ಬಾಗಿ ಮಲಗಿದ್ದವು. ಒಂದು ತಿಂಗಳಿಂದ ಹಕ್ಕಿಗಳು ಅಲ್ಲೇ ಕೆದಕುತ್ತಿದ್ದವು. ನಾನು ಪಾಪ, ಆಡುತ್ತಿವೆ ಅಂದುಕೊಂಡಿದ್ದೆ.

ಮರದ ಕೆಳಗೆ ಬೆಳಗ್ಗೆ ಒಂದೂವರೆ ಗಂಟೆ ಬಿಸಿಲು. ಆಮೇಲೆ ದಿನವೆಲ್ಲ ನೆರಳು.

ಡಬ್ಬಿ ಲೆಕ್ಕ ನೋಡಿ ನನಗೇ ನಾಚಿಕೆ ಆಯಿತು. ಹತ್ತು ನಿಮಿಷಕ್ಕೆ ಮೂರು ಡಬ್ಬಿಯಲ್ಲಿ 3 ಮಿಲಿಮೀಟರ್. ಮರದ ಹಿಂದಿನ ಡಬ್ಬಿ ಒಣ ಒಣ, ಕಾಂಡವೇ ನೀರನ್ನು ತಡೆಯುತ್ತಿದೆ. ಎರಡು ವರ್ಷ ನಾನು ಮರದ ಕಾಂಡಕ್ಕೆ ಸ್ನಾನ ಮಾಡಿಸಿದ್ದೇನೆ.

ಕಾಡು ಹಿತ್ತಲು:

ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಲಾನ್ ಯಾಕೆ ಬೇಕು? ಅಷ್ಟು ನೀರು, ಅಷ್ಟು ಗೊಬ್ಬರ, ತಿನ್ನಲು ಒಂದು ಸೊಪ್ಪೂ ಇಲ್ಲ. ನಾನು ಎಲ್ಲಾ ತೆಗೆದು ಹೂವು, ತರಕಾರಿ ಹಾಕಿದೆ. ಚಿಟ್ಟೆ ಬರುತ್ತವೆ, ಜೇನು ಬರುತ್ತವೆ. ಮರದ ಕೆಳಗಂತೂ ಹುಲ್ಲಿನ ಆಸೆ ಬಿಡಿ ಅಕ್ಕಾ. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಲ್ಲಿ ಒಣಗಿದ ಎಲೆ ನಾಲ್ಕು ಬೆರಳು ದಪ್ಪ ಹರಡಿ ಸುಮ್ನೆ ಇರಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಸುತ್ತ ಒಂದು ಗೇಣು ಬಿಡಿ. ಕಾಂಡಕ್ಕೆ ಗುಡ್ಡೆ ಹಾಕಿದರೆ ತೇವ ನಿಂತು ತೊಗಟೆ ಕೊಳೆಯುತ್ತದೆ.

ರೋಲರ್ ತಾತ:

ಮರದ ಕೆಳಗಿನ ವಿಷಯದಲ್ಲಿ ಕಾಡು ಹಿತ್ತಲು ಹೇಳಿದ್ದೇ ಸರಿ. ಉಳಿದದ್ದಕ್ಕೆ ನನ್ನ ತಕರಾರಿದೆ. ಮಗು ಬಿದ್ದರೆ ಮಂಡಿ ತರಚದ ಜಾಗ ಒಂದಿರಲಿ ಬಿಡಿ. ಮೈದಾನದಲ್ಲಿ ನಾನು ಬದನೆಕಾಯಿ ಬೆಳೆದಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ಈಗ ಹುಳದ ಮಾತು. ಒಂದು ಅಡಿ ಚೌಕದಲ್ಲಿ ನಾಲ್ಕೈದು ಇದ್ದರೆ ಗಟ್ಟಿ ಲಾನ್ ತಡೆದುಕೊಳ್ಳುತ್ತದೆ, ಎಲ್ಲರ ಮನೆಯಲ್ಲೂ ಅಷ್ಟು ಇರುತ್ತವೆ. ಹದಿನಾಲ್ಕು ಜಾಸ್ತಿ ಆಯಿತು. ಗೊಣ್ಣೆ ಹುಳು ತಿನ್ನುವ ನೆಮಟೋಡ್ ಪುಡಿ ಸಿಗುತ್ತದೆ, ನೆಮಟೋಡ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಹುಳ. ಪ್ಯಾಕೆಟ್ ಮೇಲೆ ಹೆಟೆರೋರ್‌ಹ್ಯಾಬ್ಡಿಟಿಸ್ ಅಂತ ಇರಲಿ. ನಾಲಿಗೆ ಹೊರಳದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಾನೂ ಹಾಗೇ ಮಾಡುತ್ತಿದ್ದೆ. ಅದರೊಳಗೆ ಜೀವ ಇರುತ್ತದೆ, ಆದ್ದರಿಂದ ತಾರೀಖು ನೋಡಿ ತನ್ನಿ, ಬಿಸಿಲಲ್ಲಿ ಇಡಬೇಡಿ. ಮೊದಲು ಮಣ್ಣು ನೆನೆಸಿ. ಸಂಜೆ ಸೂರ್ಯ ಇಳಿದ ಮೇಲೆ ನೀರಿಗೆ ಕಲಸಿ ಹಾಕಿ. ಪಂಪ್‌ನಲ್ಲಿ ಹೊಡೆಯುವುದಾದರೆ ಒಳಗಿನ ಜಾಲರಿ ತೆಗೆಯಿರಿ, ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ ಎರಡು ವಾರ ಮಣ್ಣು ಒಣಗಬಾರದು. ಗೊಣ್ಣೆ ಹುಳು ಎಳೆಯದಾಗಿದ್ದಷ್ಟೂ ಒಳ್ಳೇದು, ಬಲಿತದ್ದು ಬೇಗ ಸಾಯುವುದಿಲ್ಲ.

ನೀರು: ನಿಮ್ಮ ಲೆಕ್ಕದಲ್ಲಿ ವಾರಕ್ಕೆ 10 ಮಿಲಿಮೀಟರ್ ಚಿಲ್ಲರೆ ಬೀಳುತ್ತಿದೆ. ಮಳೆ ಇಲ್ಲದ ಬಿಸಿಲಿನ ವಾರದಲ್ಲಿ 25 ಬೇಕು. ದಿನಾ ಚಿಮುಕಿಸಿದರೆ ಮೇಲಿನ ಒಂದು ಬೆರಳು ಮಣ್ಣು ಮಾತ್ರ ನೆನೆಯುತ್ತದೆ. ಬೇರು ನೀರು ಇರುವ ಕಡೆಯೇ ಉಳಿಯುತ್ತದೆ, ಕೆಳಗೆ ಯಾಕೆ ಇಳಿಯುತ್ತದೆ ಹೇಳಿ? ವಾರಕ್ಕೆ ಎರಡೇ ಸಲ ಕೊಡಿ, ಬೆಳಗಿನ ಜಾವ, ಒಂದೊಂದು ಸಲಕ್ಕೆ 40 ನಿಮಿಷ. ಅಂಟು ಮಣ್ಣಾಗಿ ನೀರು ಹರಿದು ಹೋದರೆ 20 ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ 20 ನಿಮಿಷ. ಸಂಜೆ ನೀರು ಬಿಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆ ಇರುತ್ತದೆ. ಆಗ ನಿಜವಾಗಿಯೂ ಫಂಗಸ್ ಬರುತ್ತದೆ.

ಯಜಮಾನರಿಗೆ ಒಂದು ಮಾತು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹುಲ್ಲು 6 ಸೆಂಟಿಮೀಟರ್ ಆದಾಗ 4ಕ್ಕೆ ಇಳಿಸಿ, ಸಾಕು. ಹುಲ್ಲಿಗೆ ಊಟ ತಯಾರಾಗುವುದು ಎಲೆಯಲ್ಲಿ. ಬೋಳು ಮಾಡಿದರೆ ಬೇರಿಗೆ ಉಪವಾಸ. ಕತ್ತರಿಸಿದ ಚೂರು ಅಲ್ಲೇ ಬಿಡಿ, ಅದೇ ಗೊಬ್ಬರ. ಬ್ಲೇಡನ್ನೂ ಮಸೆಸಿ. ಕತ್ತರಿಸಿದ ಮಾರನೇ ದಿನ ಹುಲ್ಲಿನ ತುದಿ ನೋಡಿ. ಹರಿದು ಬಿಳಿ ನಾರು ಕಂಡರೆ ಬ್ಲೇಡ್ ಮೊಂಡಾಗಿದೆ.

ಹಿತ್ತಲ ಗಿಡ:

ನೆಮಟೋಡ್ ಅಂದರೆ ಟೊಮೆಟೊ ಬೇರಲ್ಲಿ ಗಂಟು ಕಟ್ಟಿಸುವ ಹುಳ ಅಲ್ವಾ? ಪಕ್ಕದಲ್ಲೇ ನನ್ನ ಟೊಮೆಟೊ ಇದೆ. ಭಯ ಆಗುತ್ತಿದೆ.

ರೋಲರ್ ತಾತ:

ಹೆಸರು ಒಂದೇ, ಜಾತಿ ಬೇರೆ. ಅದು ಬೇರು ತಿನ್ನುವುದು, ಇದು ಹುಳದ ಒಳಗೆ ಹೊಕ್ಕು ತನ್ನ ಹೊಟ್ಟೆಯ ಬ್ಯಾಕ್ಟೀರಿಯಾ ಬಿಟ್ಟು ಕೊಲ್ಲುವುದು. ಇದು ಗಿಡವನ್ನು ಮುಟ್ಟುವುದಿಲ್ಲ. ಎರೆಹುಳುವಿಗೂ ಏನೂ ಆಗುವುದಿಲ್ಲ. ಧೈರ್ಯವಾಗಿ ಹಾಕಿ.

ಹಿತ್ತಲ ಗಿಡ:

ಎಂಟು ವಾರ ಆಯಿತು. ಸಲಹೆ ತೆಗೆದುಕೊಂಡು ಮಾಯವಾಗುವವರ ಸಾಲಿಗೆ ಸೇರಬಾರದು ಅಂತ ಬಂದೆ.

ಬಾಗಿಲ ಹತ್ತಿರ ಪಟ್ಟೆ ಮುಕ್ಕಾಲು ಪಾಲು ಮುಚ್ಚಿದೆ. ಎಲೆ ಮಾತ್ರ ಸುಟ್ಟಿತ್ತು, ಬಳ್ಳಿಯಲ್ಲಿ ಜೀವ ಇತ್ತು. ಎರಡು ಸಲ ಚೆನ್ನಾಗಿ ನೀರು ಬಿಟ್ಟು ಯೂರಿಯಾ ಕೆಳಗೆ ಇಳಿಸಿದೆ, ಆಮೇಲೆ ಗೊಬ್ಬರದ ಡಬ್ಬಿ ಮುಟ್ಟಿಲ್ಲ.

ಬೇಲಿ ಪಕ್ಕ ಸತ್ತ ಹುಲ್ಲು ತೆಗೆದು ಹಾಕಿದೆ. ನೆಮಟೋಡ್ ಹಾಕಿ ಎರಡು ವಾರ ಕಾದೆ. ಆಮೇಲೆ ಮಣ್ಣು ಸಡಿಲ ಮಾಡಿ, ಚೆನ್ನಾಗಿರುವ ಕಡೆಯಿಂದ ಅಂಗೈಯಷ್ಟು ತುಂಡು ಕಿತ್ತು ಗೇಣು ಗೇಣಿಗೆ ಒಂದು ನೆಟ್ಟೆ. ಕಿತ್ತ ಗುಂಡಿಗಳಿಗೆ ಎರೆಹುಳು ಗೊಬ್ಬರ ಬೆರೆಸಿದ ಮಣ್ಣು ತುಂಬಿದೆ. ಈಗ ತುಂಡಿನಿಂದ ತುಂಡಿಗೆ ಬಳ್ಳಿ ಓಡುತ್ತಿದೆ. ಅದರ ನಡುವೆ ಜೇಕು ಕಳೆ ಎದ್ದಿದೆ, ಅದು ಬೇರೆ ಕಥೆ. ಮೇಲೆ ಎಳೆದರೆ ಕೈಗೆ ಎಲೆ ಬರುತ್ತದೆ, ಗಡ್ಡೆ ಒಳಗೇ ನಗುತ್ತಾ ಕೂತಿರುತ್ತದೆ. ಸಣ್ಣ ಗುದ್ದಲಿ ಹಿಡಿದು ಗಡ್ಡೆ ಸಮೇತ ತೆಗೆಯುತ್ತಿದ್ದೇನೆ.

ಮರದ ಕೆಳಗೆ ಒಣ ಎಲೆ ಹರಡಿ ಎರಡು ಹಳೇ ಕುರ್ಚಿ ಇಟ್ಟೆವು. ಕಾಂಡದ ಸುತ್ತ ಗೇಣು ಬಿಟ್ಟಿದ್ದೇವೆ, ಕಾಡು ಹಿತ್ತಲು ಅವರೇ. ನಿಜ ಹೇಳಬೇಕೆಂದರೆ ಇಡೀ ಹಿತ್ತಲಿನಲ್ಲಿ ಈಗ ಎಲ್ಲರೂ ಕೂರುವುದು ಅಲ್ಲೇ.

ಇವರು ಮೆಷಿನ್ ಚಕ್ರದ ಎತ್ತರ ಏರಿಸಿದ್ದಾರೆ. ಹತ್ತು ದಿನಕ್ಕೊಮ್ಮೆ ಸ್ಕೇಲ್ ಹಿಡಿದು ಹೋಗಿ ಹುಲ್ಲು ಅಳೆಯುತ್ತಾರೆ. ಕಿಟಕಿಯಿಂದ ನೋಡಿ ನಗುವ ಸರದಿ ಈಗ ನನ್ನದು.

ನಿನ್ನೆ ಬೇಲಿ ಪಕ್ಕ ಮತ್ತೆ ಒಂದು ಅಡಿ ಅಗೆದೆ. ಎರಡೇ ಹುಳು. ಹಾಗೇ ಮುಚ್ಚಿ ಬಂದೆ.

ರೋಲರ್ ತಾತ:

ಸಂತೋಷ ಅಮ್ಮಾ. ಬ್ಲೇಡ್ ಮಸೆಸಿದಿರಾ?

ಹಿತ್ತಲ ಗಿಡ:

ಇಲ್ಲ ತಾತ. ನಾಳೆ.