ತಾಲ್ಲೂಕು ಆಸ್ಪತ್ರೆ ಡಯಾಲಿಸಿಸ್ ನಂಬಬಹುದಾ?

ತಿಪಟೂರು ಹುಡುಗ:
ಅಪ್ಪಂಗೆ 61 ವರ್ಷ. ಶುಗರ್ ಹಳೇದು, ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ತುಮಕೂರಲ್ಲಿ ಪ್ರೈವೇಟಲ್ಲಿ ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್ ಶುರು ಮಾಡಿದಾರೆ. ಒಂದು ಸಲಕ್ಕೆ 1,800 ರೂಪಾಯಿ, ವಾರಕ್ಕೆ ಮೂರು ಸಲ ಬೇಕಂತೆ. ಇಂಜೆಕ್ಷನ್, ಕಾರ್ ಬಾಡಿಗೆ ಬೇರೆ. ಬಿಪಿಎಲ್ ಕಾರ್ಡ್ ಇದೆ, ತಾಲ್ಲೂಕು ಆಸ್ಪತ್ರೇಲಿ ಫ್ರೀ ಅಂತಾರೆ. ಆದ್ರೆ ಚಿಕ್ಕಪ್ಪ "ಅಲ್ಲಿಗೆ ಹೋದ್ರೆ ಇನ್ಫೆಕ್ಷನ್ ಗ್ಯಾರಂಟಿ" ಅಂತ ಹೆದರಿಸ್ತಿದಾರೆ. ಅನುಭವ ಇರೋರು ಹೇಳಿ.

ಬಯಲುಸೀಮೆ:
ಕಷ್ಟ ಇರೋದು ಸ್ಲಾಟ್ ಸಿಗೋದ್ರಲ್ಲಿ. ಮೊದಲು ಹೋಗಿ ಹೆಸರು ಬರೆಸಿ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಕೇಳ್ತಾರೆ, ಜೊತೇಲಿಟ್ಕೊಳ್ಳಿ.

ಮಂಜುಳಕ್ಕ:
ತಮ್ಮಾ, ನಮ್ಮೆಜಮಾನ್ರಿಗೆ 2019ರಿಂದ ತಾಲ್ಲೂಕು ಆಸ್ಪತ್ರೇಲೇ ಆಗ್ತಿದೆ. ಈಗಲೂ ಬೆಳಿಗ್ಗೆ ಎದ್ದು ಹಸುಗೆ ಹುಲ್ಲು ಹಾಕ್ತಾರೆ. ನಿಮ್ಮ ಚಿಕ್ಕಪ್ಪ ಹೇಳೋದು ಪೂರ್ತಿ ಸುಳ್ಳಲ್ಲ, ಆದ್ರೆ ಬೈಬೇಕಾಗಿರೋದು ಆ ಕುತ್ತಿಗೆ ಪೈಪನ್ನ. ಯಾವ ಆಸ್ಪತ್ರೇಲಿದ್ರೂ ಅದು ಜ್ವರ, ಕೀವಿಗೆ ದಾರಿ. ಬೇಗ ಕೈಗೆ ಫಿಸ್ಟುಲಾ ಮಾಡಿಸಿ, ಅಂದ್ರೆ ಸಣ್ಣ ಆಪರೇಷನ್ ಮಾಡಿ ಕೈಲಿರೋ ಎರಡು ರಕ್ತನಾಳ ಸೇರಿಸೋದು, ಆಮೇಲೆ ಡಯಾಲಿಸಿಸ್ ಸೂಜಿ ಅಲ್ಲೇ ಹಾಕ್ತಾರೆ. ಮಾಡಿಸಿದ ತಕ್ಷಣ ಸೂಜಿ ಹಾಕಕ್ಕಾಗಲ್ಲ, ನರ ಬಲಿಯೋಕೆ ಒಂದೂವರೆ ಎರಡು ತಿಂಗಳು ಬೇಕು. ಆಮೇಲೆ ಆ ಕೈಲಿ ಬಿಪಿ ನೋಡೋಕೆ, ರಕ್ತ ತೆಗೆಯೋಕೆ ಬಿಡಬೇಡಿ, ದೊಡ್ಡ ಡಾಕ್ಟ್ರೇ ಬಂದ್ರೂ ಸರಿ.

ಡಯಾಲಿಸಿಸ್‌ಗೆ ಇವತ್ತಿನವರೆಗೂ ನಾವು ದುಡ್ಡು ಕೊಟ್ಟಿಲ್ಲ. ರಕ್ತ ಹೆಚ್ಚೋ ಇಂಜೆಕ್ಷನ್ ಸ್ಟಾಕ್ ಇದ್ರೆ ಅಲ್ಲೇ ಹಾಕ್ತಾರೆ, ಇಲ್ಲಾಂದ್ರೆ ಚೀಟಿ ಬರೆದು ಮೆಡಿಕಲ್ ಸ್ಟೋರಿಗೆ ಕಳಿಸ್ತಾರೆ, ಅದಕ್ಕೆ ಕೈಯಲ್ಲಿ ಕಾಸಿರಲಿ. ಬಸ್ಸಲ್ಲಿ ನಂಗೆ ಶಕ್ತಿ ಯೋಜನೇಲಿ ಫ್ರೀ, ಕಾಯಿಲೆ ಮನುಷ್ಯನಿಗೆ ಟಿಕೆಟ್! ಬಸ್ಸು, ಮಾತ್ರೆ ಹೆಂಗೋ ಹೊಂದಿಸ್ತೀವಿ. ಜೊತೆಗೆ ಓಡಾಡೋಕೆ ಅಂತ ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟೆ, ಆ ಸಂಬಳ ತುಂಬಿಕೊಡೋ ಕಾರ್ಡು ಯಾವುದೂ ಇಲ್ಲ.

ನಂಗೆ ಸಿಟ್ಟಿರೋದು ಒಂದೇ ವಿಷಯಕ್ಕೆ. ಒಂದು ಡಯಾಲಿಸಿಸ್‌ಗೆ ನೂರು ಲೀಟರಿಗಿಂತ ಜಾಸ್ತಿ ಶುದ್ಧ ನೀರು ಬೇಕು. ಬೇಸಿಗೇಲಿ ಆರ್‌ಒ ಪ್ಲಾಂಟ್ ಕೆಟ್ಟು ಮೆಷಿನ್ನೆಲ್ಲ ನಿಂತೋದ್ವು, ಒಬ್ಬರೂ ಫೋನ್ ಮಾಡಿ ಹೇಳಲಿಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲಲ್ಲಿ ಕೂತಿದ್ವಿ, ಕಾಲು ಊದಿ ಇವರಿಗೆ ಚಪ್ಪಲಿ ಹತ್ತತಿರಲಿಲ್ಲ. ಸಾಲ ಮಾಡಿ ಪ್ರೈವೇಟಿಗೆ ಓಡಿದ್ವಿ. ಟೆಕ್ನೀಷಿಯನ್ ಹುಡುಗರ ಮೇಲೆ ಮಾತ್ರ ನಂಗೆ ಕೋಪ ಇಲ್ಲ. ಸಂಬಳ ತಡವಾದ್ರೂ ಬರ್ತಾರೆ, ಯಾರಿಗೆ ಯಾವ ಸೂಜಿ ನೋಯುತ್ತೆ ಅಂತ ಗೊತ್ತವರಿಗೆ. ಅವರ ನಂಬರ್ ಇಟ್ಕೊಂಡು ಹಿಂದಿನ ರಾತ್ರಿನೇ ಕೇಳ್ಬಿಡಿ.

ರೈಲು ಪ್ರಯಾಣಿಕ:
ಡಯಾಲಿಸಿಸ್‌ಗೆ ಹೋಗೋರಿಗೂ ಜೊತೆಗೊಬ್ಬರಿಗೂ ರೈಲಲ್ಲಿ ರಿಯಾಯಿತಿ ಇದೆ, ಆಸ್ಪತ್ರೆ ಸರ್ಟಿಫಿಕೇಟ್ ಬೇಕು. ಕಿಡ್ನಿ ಕಸಿ ಮಾಡಿಸೋ ಯೋಚನೆ ಇದ್ರೆ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೇಲಿ ವಿಚಾರಿಸಿ. ಅದೂ ಸರ್ಕಾರದ್ದೇ.

ತಿಪಟೂರು ಹುಡುಗ:
ಥ್ಯಾಂಕ್ಸ್ ಅಕ್ಕ. ನೋಡಕ್ಕೆ ಬರೋರೆಲ್ಲ ಎಳನೀರು ತರ್ತಿದಾರೆ, ಕೊಡಬಹುದಾ? ಸೋಮವಾರ ಆಸ್ಪತ್ರೆಗೆ ಹೋಗ್ತೀನಿ.

ಮಂಜುಳಕ್ಕ:
ಅಯ್ಯೋ, ಬೇಡ! ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದ್ರೆ ಹೃದಯಕ್ಕೇ ಅಪಾಯ. ತೆಂಗಿನ ಸೀಮೇಲಿ ಬೇಡ ಅನ್ನೋದು ಕಷ್ಟ, ಆದ್ರೂ ಬಂದೋರಿಗೇ ಕುಡಿಸಿ ಕಳಿಸಿ. ನೀರೂ ಅಳತೆ ಮೇಲೇ, ಎಷ್ಟು ಅಂತ ಡಾಕ್ಟ್ರನ್ನ ಕೇಳಿ. ಸೋಮವಾರ ಬೆಳಿಗ್ಗೆ ರಶ್ಶು, ನಿಮ್ಮ ಮಾತು ಯಾರೂ ಕೇಳಲ್ಲ. ಮಂಗಳವಾರ ಊಟದ ಹೊತ್ತಾದ್ಮೇಲೆ ಹೋಗಿ, ರೇಷನ್ ಕಾರ್ಡು, ಆಧಾರ್ ಎರಡೆರಡು ಜೆರಾಕ್ಸ್ ಇರಲಿ.