ಆಂಪ್ಲಿಫೈಯರ್ ರಾಡ್ ಬಿಸಿಯಾಗಿ ಬೀಮ್ ಕೆಡುತ್ತಿದೆ: ಕಾನ್ಕೇವ್ ಲೆನ್ಸ್ ಹಾಕಿದರೂ ಎಂ ಸ್ಕ್ವೇರ್ ಇಳಿಯುತ್ತಿಲ್ಲ

ಪ್ರಶ್ನೆ, ಪೀಣ್ಯ_ಬೀಮ್:
ಎಲ್ಲರಿಗೂ ನಮಸ್ಕಾರ. ಸೀಡ್ ಲೇಸರ್ (ವರ್ಧಿಸಬೇಕಾದ ಮೂಲ ಬೀಮ್) 1064 ನ್ಯಾನೊಮೀಟರ್, 10 ವ್ಯಾಟ್, ಎಂ ಸ್ಕ್ವೇರ್ (ಬೀಮ್ ಗುಣದ ಅಳತೆ; 1 ಅಂದರೆ ಆದರ್ಶ, ಹೆಚ್ಚಿದಷ್ಟೂ ಕೆಟ್ಟದು) 1.15. ಅದರ ಮುಂದೆ ಒಂದೇ ತರಹದ ಎರಡು ಎನ್‌ಡಿ ಯಾಗ್ ಹೆಡ್‌ಗಳು (ಲೇಸರ್ ಹರಳಿನ ರಾಡ್ ಇರುವ ಆಂಪ್ಲಿಫೈಯರ್ ಘಟಕಗಳು). ರಾಡ್ 4 ಮಿ.ಮೀ. ವ್ಯಾಸ, 75 ಮಿ.ಮೀ. ಉದ್ದ, 808 ನ್ಯಾನೊಮೀಟರ್ ಡಯೋಡ್‌ಗಳಿಂದ ಮೂರು ಬದಿಯಿಂದ ಪಂಪ್ (ಬೆಳಕು ಹಾಯಿಸಿ ಶಕ್ತಿ ತುಂಬುವುದು). ಒಂದೊಂದು ರಾಡ್ ಹೀರುವುದು ಸುಮಾರು 200 ವ್ಯಾಟ್. ಒಳಗೆ ಹೋಗುವ ಬೀಮ್ ವ್ಯಾಸ 2.2 ಮಿ.ಮೀ. ಹೊರಗೆ 45 ವ್ಯಾಟ್ ಬರುತ್ತದೆ, ಆದರೆ ಎಂ ಸ್ಕ್ವೇರ್ 2.8. ಎರಡು ಹೆಡ್ ನಡುವೆ ಫೋಕಲ್ ದೂರ ಮೈನಸ್ 500 ಮಿ.ಮೀ. ಇರುವ ಕಾನ್ಕೇವ್ ಲೆನ್ಸ್ ಹಾಕಿದೆ; ಫೋಕಸ್ ಜಾಗ ಸರಿಹೋಯಿತು, ಎಂ ಸ್ಕ್ವೇರ್ ಮಾತ್ರ ಅಲ್ಲಾಡಲಿಲ್ಲ. ಜೊತೆಗೆ ಬೆಳಗ್ಗೆ ಒಂದು ತರ, ಮಧ್ಯಾಹ್ನ ಒಂದು ತರ. ಲೆನ್ಸ್ ಬದಲಿಸಬೇಕಾ?

ಉತ್ತರ, ಶಾಖಲೆಕ್ಕ:
ಲೆನ್ಸ್ ಬದಲಿಸಬೇಡಿ, ನಿಮ್ಮ ಆಯ್ಕೆ ಹೆಚ್ಚುಕಡಿಮೆ ಸರಿಯಾಗೇ ಇದೆ. ಹೀರಿದ ಪಂಪ್‌ನಲ್ಲಿ ಸುಮಾರು 32 ಶೇಕಡಾ ಶಾಖವಾಗುತ್ತದೆ ಅಂತಿಟ್ಟುಕೊಳ್ಳಿ, ಅಂದರೆ 64 ವ್ಯಾಟ್. ಪಂಪ್ ಬೀಳುವ ಉದ್ದ 65 ಮಿ.ಮೀ., ಯಾಗ್‌ನ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ 13 ವ್ಯಾಟ್ ಹಿಡಿದರೆ ರಾಡ್‌ನ ನಡುವಿಗೂ ಅಂಚಿಗೂ ವ್ಯತ್ಯಾಸ ಬರೀ 6 ಡಿಗ್ರಿ. ಆರು ಡಿಗ್ರಿ ತಾನೇ ಅನ್ನಬೇಡಿ. ಯಾಗ್‌ನ ವಕ್ರೀಭವನ ಸೂಚ್ಯಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 7.3 ಪಾಲು ಏರುತ್ತದೆ, 65 ಮಿ.ಮೀ. ದಾರಿಯಲ್ಲಿ ಅದು 2.8 ಮೈಕ್ರೊಮೀಟರ್, ಎರಡೂವರೆ ತರಂಗಕ್ಕೂ ಮೇಲೆ.

ಇದಕ್ಕೆ ಒತ್ತಡದಿಂದ ಬರುವ ಬದಲಾವಣೆ (ಒಟ್ಟಿನಲ್ಲಿ ಸುಮಾರು 20 ಶೇಕಡಾ) ಮತ್ತು ತುದಿಗಳು ಉಬ್ಬುವುದು (ಸುಮಾರು 6 ಶೇಕಡಾ) ಸೇರಿಸಿದರೆ ಬಿಸಿ ರಾಡೇ ಒಂದು ಲೆನ್ಸ್ (ಥರ್ಮಲ್ ಲೆನ್ಸ್) ಆಗುತ್ತದೆ, ಅದರ ಫೋಕಲ್ ದೂರ 52 ಸೆಂ.ಮೀ. ಆಸುಪಾಸು. ಅದಕ್ಕೇ ಮೈನಸ್ 500 ಕೂತುಕೊಂಡಿದೆ.

ಆದರೆ ಯಾವ ಸಾಮಾನ್ಯ ಲೆನ್ಸೂ ಪ್ಯಾರಾಬೋಲಾ ಭಾಗವನ್ನಷ್ಟೇ ಕಳೆಯುತ್ತದೆ. ಪಂಪ್ ಬೆಳಕು ರಾಡ್‌ನ ನಡುವೆ ಗುಡ್ಡೆಯಾಗಿದ್ದರೆ ನಡುವಿನ ಲೆನ್ಸ್ ಬಲವಾಗಿ, ಅಂಚಿನದು ದುರ್ಬಲವಾಗಿ ವರ್ತಿಸುತ್ತದೆ. ಅದು ಗೋಳೀಯ ದೋಷ, ಎಂ ಸ್ಕ್ವೇರ್ ಕೆಡಿಸುವುದು ಅದೇ. ಕ್ಯಾಮೆರಾದಲ್ಲಿ ಫೋಕಸ್‌ಗೆ ಮುಂಚೆ ಒಂದು, ಆಮೇಲೆ ಒಂದು ಚಿತ್ರ ತೆಗೀರಿ. ಒಂದು ಕಡೆ ಉಂಗುರ, ಇನ್ನೊಂದು ಕಡೆ ಮಬ್ಬು ಹರಡಿದ್ದರೆ ಇದೇ. ಮೂರು ಮೂಲೆ ಕಂಡರೆ ಮೂರು ಡಯೋಡ್ ಸಾಲುಗಳ ಗುರುತು. ಎರಡನೇ ರಾಡ್‌ನಲ್ಲಿ ಬೀಮ್ ಎಷ್ಟು ದಪ್ಪ ಇದೆ ಅಳೆದಿದ್ದೀರಾ? ಅಲ್ಲಿ 2.2 ಮೀರಿದ್ದರೆ ಮೊದಲು ಅದನ್ನು ಇಳಿಸಿ. ಪವರ್ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ಉತ್ತರ, ನಾಲ್ಕೆಲೆ:
ಮೇಲಿನದು ಸರಿ, ಆದರೆ ಅರ್ಧ. ಹೊರಗೆ ಬರುವ ಬೀಮನ್ನು ಪೋಲರೈಸರ್ (ಒಂದೇ ದಿಕ್ಕಿನ ಧ್ರುವೀಕರಣವನ್ನು ಮಾತ್ರ ಬಿಡುವ ಸಾಧನ) ಮೂಲಕ ಬಿಟ್ಟು, ತಿರಸ್ಕೃತ ಭಾಗವನ್ನು ನೋಡಿ.

ಪೀಣ್ಯ_ಬೀಮ್:
ನೋಡಿದೆ ಸರ್. ಸುಮಾರು 15 ಶೇಕಡಾ ಆಚೆ ಹೋಗುತ್ತಿದೆ. ನಾಲ್ಕು ಎಸಳು, ನಡುವೆ ಕಪ್ಪು ಶಿಲುಬೆ.

ನಾಲ್ಕೆಲೆ:
ಒತ್ತಡದ ದ್ವಿವಕ್ರೀಭವನ, ಅಂದರೆ ಧ್ರುವೀಕರಣದ ದಿಕ್ಕಿಗೆ ತಕ್ಕಂತೆ ಸೂಚ್ಯಂಕ ಬೇರೆಯಾಗುವುದು. ರಾಡ್‌ನ ಒಳಗೆ ತ್ರಿಜ್ಯದ ದಿಕ್ಕಿನ ಧ್ರುವೀಕರಣಕ್ಕೆ ಒಂದು ಫೋಕಸ್, ಸುತ್ತಳತೆಯ ದಿಕ್ಕಿನದಕ್ಕೆ ಇನ್ನೊಂದು. ಯಾವ ಲೆನ್ಸ್ ಹಾಕಿದರೂ ಎರಡನ್ನೂ ಒಟ್ಟಿಗೆ ಸರಿಮಾಡಲಾಗದು. ಎರಡು ಒಂದೇ ತರಹದ ಹೆಡ್ ಇರುವುದು ನಿಮ್ಮ ಅದೃಷ್ಟ: ನಡುವೆ 90 ಡಿಗ್ರಿ ಕ್ವಾರ್ಟ್ಜ್ ರೊಟೇಟರ್ (ಧ್ರುವೀಕರಣ ತಿರುಗಿಸುವ ಹರಳು) ಇಡಿ. ಮೊದಲ ರಾಡ್‌ನಲ್ಲಿ ತ್ರಿಜ್ಯದ ದಿಕ್ಕಿನದು ಎರಡನೆಯದರಲ್ಲಿ ಸುತ್ತಳತೆಯದಾಗಿ ಲೆಕ್ಕ ಚುಕ್ತಾ ಆಗುತ್ತದೆ.

ಬರೀ ರೊಟೇಟರ್ ಸಾಲದು. ಮೊದಲ ರಾಡ್‌ನ ಪ್ರತಿ ಬಿಂದು ಎರಡನೇ ರಾಡ್‌ನ ಅದೇ ಜಾಗಕ್ಕೆ ಬೀಳಬೇಕು. ಅದಕ್ಕೆ ಫೋಕಲ್ ದೂರ 100 ಮಿ.ಮೀ. ಇರುವ ಲೆನ್ಸ್ ಎರಡು (ಈ ಜೋಡಿಯೇ ರಿಲೇ), ನಡುವೆ ಅಂತರ 200 ಮಿ.ಮೀ. ಈಗಿನ ಮೈನಸ್ 500 ತೆಗೆದುಬಿಡಿ. ರಾಡ್‌ನ ಪ್ರಧಾನ ತಲ (ರಾಡನ್ನು ಲೆನ್ಸ್ ಎಂದುಕೊಂಡರೆ ದೂರ ಅಳೆಯಬೇಕಾದ ಜಾಗ) ತುದಿಯಿಂದ ಒಳಗೆ, ಉದ್ದವನ್ನು ಸೂಚ್ಯಂಕದ ಎರಡರಷ್ಟರಿಂದ ಭಾಗಿಸಿದಷ್ಟು: 75 ಭಾಗಿಸು 3.64, ಅಂದರೆ 20.6 ಮಿ.ಮೀ. ಹಾಗಾಗಿ ಲೆನ್ಸ್‌ಗೂ ರಾಡ್ ತುದಿಗೂ ಅಂತರ 79 ಮಿ.ಮೀ. ಇರಲಿ, 100 ಅಲ್ಲ. ಬಹಳ ಜನ ಎಡವುವುದು ಇಲ್ಲೇ.

ಈ ರಿಲೇ ಥರ್ಮಲ್ ಲೆನ್ಸನ್ನು ಅಳಿಸುವುದಿಲ್ಲ, ಎರಡನ್ನೂ ಕೂಡಿಸುತ್ತದೆ. ಸೀಡ್ ಬೀಮ್ 52 ಸೆಂ.ಮೀ. ಹಿಂದಿನ ಬಿಂದುವಿನಿಂದ ಹರಡಿ ಬರುವಂತೆ ಕೊಟ್ಟರೆ ಮೊದಲ ರಾಡ್‌ನಿಂದ ಸಮಾಂತರವಾಗಿ ಹೊರಬರುತ್ತದೆ. ಆಗ ಎರಡು ಲೆನ್ಸ್‌ಗಳ ನಟ್ಟನಡುವೆ ಬೀಮ್ ಚುಕ್ಕಿಯಾಗುತ್ತದೆ, ಅಲ್ಲಿ ರೊಟೇಟರ್ ಇಟ್ಟರೆ ಸುಟ್ಟೀತು. ರಾಡ್ ಮತ್ತು ಲೆನ್ಸ್ ನಡುವೆ ಇಡಿ. ಎರಡನೇ ರಾಡ್ ಆಚೆ 52 ಸೆಂ.ಮೀ. ಹತ್ತಿರವೂ ಬೀಮ್ ಚುಕ್ಕಿಯಾಗುತ್ತದೆ, ಅಲ್ಲಿ ಐಸೊಲೇಟರ್ (ಹಿಂದಕ್ಕೆ ಬರುವ ಬೆಳಕು ತಡೆಯುವ ಸಾಧನ), ಕನ್ನಡಿ ಏನೂ ಬೇಡ. ಇನ್ನೊಂದು: ಧ್ರುವೀಕರಣ 90 ಡಿಗ್ರಿ ತಿರುಗಿರುತ್ತದೆ, ಹೊರಗಿನ ಪೋಲರೈಸರ್ ತಿರುಗಿಸದೆ ಪವರ್ ಎಲ್ಲ ಹೋಯ್ತು ಅಂತ ಗಾಬರಿಯಾಗಬೇಡಿ.

ಎರಡೂ ರಾಡ್‌ನ ಶಾಖ ಸಮ ಇರಬೇಕು. ಕರೆಂಟ್ ಮೀಟರ್ ನೋಡಿ ಸಮ ಮಾಡಬೇಡಿ, ಒಂದೊಂದು ಹೆಡ್‌ನ ಫೋಕಸ್ ಬೇರೆಬೇರೆಯಾಗಿ ಅಳೆದು ಸಮ ಮಾಡಿ.

ಉತ್ತರ, ತಣ್ಣೀರು:
ಬೆಳಗ್ಗೆ-ಮಧ್ಯಾಹ್ನದ ವಿಷಯಕ್ಕೆ ಚಿಲ್ಲರ್ (ಹೆಡ್‌ಗೆ ಹೋಗುವ ನೀರು ತಣಿಸುವ ಯಂತ್ರ) ನೋಡಿ ಗುರು. 808 ಡಯೋಡ್ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಜಾರುತ್ತದೆ. ಯಾಗ್‌ನ ಹೀರುವ ಪಟ್ಟಿ ಸಪೂರ, ಆದ್ದರಿಂದ ನೀರು ಎರಡು ಡಿಗ್ರಿ ಏರಿದರೂ ಪಂಪ್ ಬೀಳುವ ರೀತಿಯೇ ಬದಲಾಗುತ್ತದೆ, ಲೆನ್ಸೂ ಬದಲಾಗುತ್ತದೆ. ಮಧ್ಯಾಹ್ನ ತಗಡಿನ ಶೆಡ್‌ನಲ್ಲಿ ಏರ್ ಕೂಲ್ಡ್ ಚಿಲ್ಲರ್ ಏದುಸಿರು ಬಿಡುವುದು ಮಾಮೂಲು. ಹಾಗಂತ ಸೆಟ್ಟಿಂಗ್ 18ಕ್ಕೆ ಇಳಿಸಬೇಡಿ: ಮಳೆಗಾಲದಲ್ಲಿ ನಮ್ಮ ಊರಿನ ಇಬ್ಬನಿ ಬಿಂದು 19-20 ಡಿಗ್ರಿ ಇರುತ್ತದೆ, ಡಯೋಡ್ ಮೇಲೆ ನೀರು ಕೂತರೆ ಕಥೆ ಮುಗೀತು. 24ರ ಸುತ್ತ ಇಟ್ಟು, ಆ ತಾಪದಲ್ಲಿ 808ಕ್ಕೆ ಕೂರುವ ಕರೆಂಟ್ ಹುಡುಕಿ.

ನಿಮಿಷಕ್ಕೆ 6 ಲೀಟರ್ ಹರಿದರೆ ಸುಮಾರು 420 ವ್ಯಾಟ್ ಶಾಖಕ್ಕೆ ನೀರು ಒಂದು ಡಿಗ್ರಿ ಏರುತ್ತದೆ, ನೀರು ಹೆಡ್‌ಗೆ ಹೋಗುವ ಕಡೆಯೂ ಹೊರಬರುವ ಕಡೆಯೂ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟರೆ ಹರಿವು ಕಮ್ಮಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಬೋರ್‌ವೆಲ್ ನೀರು ತುಂಬಿದ್ದರೆ ರಾಡ್ ಸುತ್ತಲಿನ ಗಾಜಿನ ಕೊಳವೆಯಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಒಂದು ಬದಿ ತಂಪು, ಒಂದು ಬದಿ ಬಿಸಿ ಆದರೆ ಬೀಮ್ ಒಂದು ಕಡೆ ವಾಲುತ್ತದೆ, ಅಡ್ಡ-ಉದ್ದ ಫೋಕಸ್ ಬೇರೆಬೇರೆಯಾಗುತ್ತದೆ. ಡೀ ಅಯನೈಸ್ಡ್ ನೀರನ್ನೇ ಹಾಕಿ.

ಕೆಲಸಕ್ಕೆ ಪವರ್ ಕಡಿಮೆ ಬೇಕಾದಾಗ ಡಯೋಡ್ ಕರೆಂಟ್ ಮುಟ್ಟಬೇಡಿ, ಜೋಡಿಸಿದ್ದೆಲ್ಲ ಕೆಡುತ್ತದೆ. ಹೊರಗೆ ಹಾಫ್ ವೇವ್ ಪ್ಲೇಟ್ ಮತ್ತು ಪೋಲರೈಸರ್ ಇಟ್ಟು ಅಲ್ಲಿ ಇಳಿಸಿ.

ಪೀಣ್ಯ_ಬೀಮ್:
808 ಬಿಟ್ಟು 885ರಲ್ಲಿ ಪಂಪ್ ಮಾಡಿದರೆ?

ಶಾಖಲೆಕ್ಕ:
ಕ್ವಾಂಟಮ್ ನಷ್ಟ (ಪಂಪ್ ಮತ್ತು ಲೇಸರ್ ಫೋಟಾನ್‌ಗಳ ಶಕ್ತಿಯ ವ್ಯತ್ಯಾಸ, ಶಾಖವಾಗುವ ಪಾಲು) 24ರಿಂದ 17 ಶೇಕಡಾಕ್ಕೆ ಇಳಿಯುತ್ತದೆ, ಲಾಭ ನಿಜ. ಆದರೆ 885ರಲ್ಲಿ ಹೀರುವಿಕೆ ದುರ್ಬಲ, 4 ಮಿ.ಮೀ. ರಾಡ್‌ಗೆ ಪಕ್ಕದಿಂದ ಕೊಟ್ಟರೆ ಬಹುಪಾಲು ದಾಟಿಹೋಗುತ್ತದೆ. ಅದು ತುದಿಯಿಂದ ಪಂಪ್ ಮಾಡುವ ಉದ್ದ ಹರಳಿಗೆ ಸರಿ, ನಿಮ್ಮ ಹೆಡ್‌ಗಲ್ಲ.