500 ಗ್ಯಾಲನ್ ಸ್ಮೋಕರ್ ತಂದ ಮೇಲೆ ಮಾಂಸ ಕಹಿ, ಒಂದು ಕಡೆ ಬಿಸಿ ಜಾಸ್ತಿ. ಏನು ಮಾಡಲಿ?

ಕರಾವಳಿ_ಕೆಂಡ:

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕ, ನಾನೂ ನನ್ನ ಹೆಂಡತಿಯೂ ಶನಿವಾರ ಭಾನುವಾರ ಬಾರ್ಬೆಕ್ಯೂ ಟ್ರೈಲರ್ ನಡೆಸುತ್ತೇವೆ. ಮೂರು ವರ್ಷ 250 ಗ್ಯಾಲನ್ ಪ್ರೊಪೇನ್ ಟ್ಯಾಂಕಿನಿಂದ ಮಾಡಿದ ಆಫ್‌ಸೆಟ್ ಸ್ಮೋಕರ್‌ನಲ್ಲೇ ಎಲ್ಲ ನಡೆಯಿತು. ಆಫ್‌ಸೆಟ್ ಅಂದರೆ ಪಕ್ಕದ ಫೈರ್‌ಬಾಕ್ಸ್‌ನಲ್ಲಿ, ಅಂದರೆ ಬೆಂಕಿ ಪೆಟ್ಟಿಗೆಯಲ್ಲಿ, ಸೌದೆ ಉರಿಸಿ ಆ ಬಿಸಿ, ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ. ಅದರಲ್ಲಿ ಎಂಟು ಬ್ರಿಸ್ಕೆಟ್ (ದನದ ಎದೆಭಾಗದ ದೊಡ್ಡ ತುಂಡು) ಇಟ್ಟರೆ ಭರ್ತಿ, ರಿಬ್ಸ್‌ಗೆ (ಪಕ್ಕೆಲುಬಿನ ಮಾಂಸಕ್ಕೆ) ಜಾಗವೇ ಇರುವುದಿಲ್ಲ. ಹನ್ನೆರಡೂವರೆಗೆಲ್ಲ ಮಾಂಸ ಖಾಲಿ. ಅಷ್ಟು ಹೊತ್ತು ಬಿಸಿಲಲ್ಲಿ ಸಾಲು ನಿಂತವರನ್ನು ವಾಪಸ್ ಕಳಿಸುವುದು ತುಂಬಾ ಬೇಜಾರು. ಅದಕ್ಕೆ ಎರಡು ತಿಂಗಳ ಹಿಂದೆ ಯಾರೋ ಬಳಸಿದ 500 ಗ್ಯಾಲನ್ ಸ್ಮೋಕರ್ ಕೊಂಡೆವು. ಹತ್ತು ಅಡಿ ಉದ್ದ, ಕಾಲಿಂಚು ದಪ್ಪದ ಉಕ್ಕು, ಎರಡು ಅಂತಸ್ತಿನ ಜಾಲರಿ.

ಅವತ್ತಿನಿಂದ ಒಂದು ವಾರವೂ ಸರಿಯಾಗಿ ಬಂದಿಲ್ಲ. ಬ್ರಿಸ್ಕೆಟ್ ಮೇಲೆ ಮಸಿ ಮೆತ್ತಿದ ಹಾಗೆ ಕಪ್ಪು, ನಾಲಿಗೆಗೆ ಕಹಿ. ಫೈರ್‌ಬಾಕ್ಸ್ ಪಕ್ಕದ ಮಾಂಸ ಸೀದು ಹೋಗುತ್ತದೆ, ಚಿಮಣಿ ಪಕ್ಕದ್ದು ನಾಲ್ಕು ಗಂಟೆ ತಡವಾಗಿ ಬೇಯುತ್ತದೆ. ಬಾಗಿಲಿನ ಡಯಲ್ ಮಾತ್ರ 275 ಡಿಗ್ರಿ ಫ್ಯಾರನ್‌ಹೀಟ್ ಅಂತ ನಿಂತೇ ಇರುತ್ತದೆ. ಸೌದೆ ಮೊದಲಿಗಿಂತ ಎರಡು ಪಟ್ಟು ಬೇಕು. ಇಷ್ಟು ದುಡ್ಡು ಹಾಕಿದ್ದೇವೆ, ನಿದ್ದೆ ಬರುತ್ತಿಲ್ಲ. ಯಾರಾದರೂ ಹೇಳಿ.

ಓಕ್_ಸೌದೆ:

ಗಾಬರಿ ಬೇಡಿ, ಇದು ಸರಿ ಆಗುತ್ತದೆ. ಮೊದಲು ನಾಲ್ಕು ವಿಷಯ ಹೇಳಿ. ಚಿಮಣಿ ಎಷ್ಟು ಇಂಚು ಅಗಲ? ಅದರ ಡ್ಯಾಂಪರ್, ಅಂದರೆ ಚಿಮಣಿಯ ಮುಚ್ಚಳ, ಪೂರ್ತಿ ತೆರೆದಿರುತ್ತದಾ? ಸೌದೆ ಸೀಳಿ ಎಷ್ಟು ದಿನ ಆಗಿದೆ, ಒಂದೊಂದು ತುಂಡು ಎಷ್ಟು ದಪ್ಪ? ಬರುವ ಹೊಗೆ ಯಾವ ಬಣ್ಣ?

ಕರಾವಳಿ_ಕೆಂಡ:

ಚಿಮಣಿ ಅಳೆದೆ, ಐದು ಇಂಚು. ಡ್ಯಾಂಪರ್ ಅರ್ಧ ಮುಚ್ಚುತ್ತೇನೆ, ಇಲ್ಲದಿದ್ದರೆ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತದೆ ಅನಿಸಿತು. ಸೌದೆ ಪೋಸ್ಟ್ ಓಕ್, ಕಳೆದ ತಿಂಗಳು ತಂದದ್ದು, ಸೀಳಿ ಎಷ್ಟು ದಿನ ಆಗಿತ್ತೋ ಕೇಳಲಿಲ್ಲ. ದೊಡ್ಡ ಸ್ಮೋಕರ್ ಅಲ್ವಾ ಅಂತ ತೊಡೆ ಗಾತ್ರದ ತುಂಡು ಹಾಕುತ್ತಿದ್ದೇನೆ. ಹೊಗೆ ದಟ್ಟ ಬಿಳಿ.

ಓಕ್_ಸೌದೆ:

ಸಿಕ್ಕಿತು. ನಿಮ್ಮ ಬೆಂಕಿಗೆ ಉಸಿರು ಕಟ್ಟಿದೆ.

ಊರಲ್ಲಿ ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದರೆ ಏನಾಗುತ್ತಿತ್ತು ನೆನಪಿದೆಯಲ್ಲ? ಮನೆಯೆಲ್ಲ ಹೊಗೆ, ಕಣ್ಣಲ್ಲಿ ನೀರು, ಹಂಡೆ ಮಾತ್ರ ತಣ್ಣಗೆ. ಅಮ್ಮ ಊದುಕೊಳವೆ ತಗೊಂಡು ನಾಲ್ಕು ಸಲ ಊದಿದ ತಕ್ಷಣ ಉರಿ ಎದ್ದು ಹೊಗೆ ಮಾಯ. ಇಲ್ಲೂ ಅದೇ ಲೆಕ್ಕ. ಆಫ್‌ಸೆಟ್‌ನಲ್ಲಿ ಊದುಕೊಳವೆ ಕೆಲಸ ಮಾಡುವುದು ಚಿಮಣಿ. ಬಿಸಿ ಗಾಳಿ ಅದರಲ್ಲಿ ಮೇಲೆ ಹೋದಷ್ಟೂ ಫೈರ್‌ಬಾಕ್ಸ್ ಒಳಗೆ ಹೊಸ ಗಾಳಿ ಬರುತ್ತದೆ. ಗಾಳಿ ಸಾಲದಿದ್ದರೆ ಮರದಿಂದ ಎದ್ದ ಹೊಗೆ ಪೂರ್ತಿ ಉರಿಯುವುದಿಲ್ಲ, ತಣ್ಣಗಿನ ಮಾಂಸದ ಮೇಲೆ ಟಾರಿನ ಹಾಗೆ ಕೂರುತ್ತದೆ. ಆ ಕಹಿ ಅದೇ.

ಲೆಕ್ಕ ನೋಡಿ. ಐದು ಇಂಚಿನ ಚಿಮಣಿಯ ಬಾಯಿ ಸುಮಾರು 20 ಚದರ ಇಂಚು. ಎಂಟು ಇಂಚಿನದ್ದು 50. ಎರಡೂವರೆ ಪಟ್ಟು! ಈ ಅಳತೆಯ ಟ್ಯಾಂಕಿಗೆ ಎಂಟು ಇಂಚು ಬೇಕೇ ಬೇಕು. ನೀವು ಐದರಲ್ಲೂ ಅರ್ಧ ಮುಚ್ಚಿದ್ದೀರಿ.

ಚಿಮಣಿ ಬದಲಾಗುವವರೆಗೆ ಡ್ಯಾಂಪರ್ ಪೂರ್ತಿ ತೆರೆದಿಡಿ. ಬಿಸಿ ಎಷ್ಟಿರಬೇಕು ಅನ್ನುವುದನ್ನು ಬೆಂಕಿಯ ಗಾತ್ರದಿಂದ ನಿರ್ಧರಿಸಿ, ಮುಚ್ಚಳದಿಂದ ಬೇಡ. ಸೌದೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ. ತೇವ ನೋಡುವ ಮೀಟರ್ ಸಿಗುತ್ತದೆ, ಒಂದು ತುಂಡನ್ನು ಹೊಸದಾಗಿ ಸೀಳಿ ಒಳಗಿನ ಮುಖಕ್ಕೆ ಚುಚ್ಚಿ ನೋಡಿ. ಹೊರಗಿನ ಮುಖ ಯಾವಾಗಲೂ ಒಣಗಿದ ಹಾಗೇ ತೋರಿಸುತ್ತದೆ. 20 ಶೇಕಡಾದ ಆಸುಪಾಸು ಇದ್ದರೆ ಸರಿ. 30 ಬಂದರೆ ಆ ರಾಶಿಯನ್ನು ಮುಂದಿನ ವರ್ಷಕ್ಕೆ ಇಡಿ. ಮುಂದಿನ ತುಂಡನ್ನು ಫೈರ್‌ಬಾಕ್ಸ್ ಮೇಲೆ ಇಟ್ಟು ಬಿಸಿ ಮಾಡಿಕೊಂಡರೆ ಒಳಗೆ ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಕೆಂಡದ ಹಾಸು ಚೆನ್ನಾಗಿರಲಿ, ಅರ್ಧ ಗಂಟೆಗೆ, ನಲವತ್ತು ನಿಮಿಷಕ್ಕೆ ಒಂದು ತುಂಡು, ಯಾವಾಗ ನೋಡಿದರೂ ಉರಿ ಕಾಣಬೇಕು. ಅಷ್ಟು ಉಕ್ಕು ಕಾಯಲು ಎರಡು ಗಂಟೆ ಬೇಕು, ಅದಕ್ಕೆ ಮೊದಲು ಮಾಂಸ ಒಳಗೆ ಇಡಬೇಡಿ. ಚಿಮಣಿಯಿಂದ ಹೊಗೆ ತೆಳು ನೀಲಿ ಅಥವಾ ಕಾಣದ ಹಾಗೆ ಬಂದರೆ ನೀವು ಗೆದ್ದ ಹಾಗೆ.

ಉಕ್ಕಿನ_ಹುಡುಗ:

ಡಾಲಸ್‌ನಿಂದ ಬರೆಯುತ್ತಿದ್ದೇನೆ, ವೆಲ್ಡಿಂಗ್ ನನ್ನ ಕೆಲಸ. ಓಕ್ ಸರ್ ಹೇಳಿದ್ದು ಸರಿ, ಇನ್ನೊಂದು ಸೇರಿಸುತ್ತೇನೆ. ಚಿಮಣಿ ಟ್ಯಾಂಕಿನ ನೆತ್ತಿಯಿಂದ ಹೊರಟಿದೆಯಾ ಅಥವಾ ಜಾಲರಿ ಮಟ್ಟದಿಂದಲಾ? ನೆತ್ತಿಯಿಂದ ಹೊರಟಿದ್ದರೆ ಬಿಸಿ ಗಾಳಿ ಮಾಂಸದ ಮೇಲಿಂದ ಹಾರಿ ಹೋಗುತ್ತದೆ. ಟ್ಯಾಂಕಿನ ತುದಿಯಲ್ಲಿ ಜಾಲರಿ ಮಟ್ಟಕ್ಕೆ ಒಂದು ಅಗಲವಾದ ಬಾಯಿ ಕೊಯ್ದು, ಅಲ್ಲಿಂದ ಎಂಟು ಇಂಚಿನ ಪೈಪ್ ಎಬ್ಬಿಸಿ. ಗ್ಯಾಲ್ವನೈಸ್ಡ್ ಪೈಪ್ ಮಾತ್ರ ಯಾವ ಕಾರಣಕ್ಕೂ ಬೇಡ, ಅದರ ಸತು ಕಾದಾಗ ಬರುವ ಹೊಗೆ ವಿಷ. ಬಾಗಿಲಿನ ಡಯಲ್ ನಂಬಬೇಡಿ, ಅದು ಮೇಲಿನ ಗಾಳಿಯ ಬಿಸಿ ಹೇಳುತ್ತದೆ. ಜಾಲರಿ ಮೇಲೆ ಎರಡೂ ತುದಿಗೆ ಒಂದೊಂದು ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಇಡಿ.

ಮುಂದೆ ಯಾರಾದರೂ ಸ್ವಂತ ಟ್ಯಾಂಕ್ ತಂದು ಕೊಯ್ಯುವ ಯೋಚನೆಯಲ್ಲಿ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೇಳಿ. ಖಾಲಿ ಪ್ರೊಪೇನ್ ಟ್ಯಾಂಕ್ ನಿಜವಾಗಿ ಖಾಲಿ ಇರುವುದಿಲ್ಲ. ಒಳಗೆ ಉಳಿದ ಅನಿಲಕ್ಕೆ ಒಂದು ಕಿಡಿ ಸಾಕು, ಸ್ಫೋಟ ಆಗುತ್ತದೆ. ಈ ಕೆಲಸ ಗೊತ್ತಿರುವವರ ಕೈಗೇ ಕೊಡಿ.

ಕರಾವಳಿ_ಕೆಂಡ:

ಎರಡು ವಾರ ಆಯಿತು, ಹೇಳಿದ್ದನ್ನೆಲ್ಲ ಮಾಡಿದೆ. ಮೀಟರ್ ಚುಚ್ಚಿದರೆ 31 ಶೇಕಡಾ! ಬೇರೆ ಕಡೆಯಿಂದ ಒಣ ಓಕ್ ತಂದೆ. ಚಿಮಣಿ ನೆತ್ತಿಯಿಂದಲೇ ಇತ್ತು, ಇಲ್ಲಿನ ವೆಲ್ಡರ್ ಒಬ್ಬರು ಅದನ್ನು ಮುಚ್ಚಿ ತುದಿಯಿಂದ ಎಂಟು ಇಂಚಿನದ್ದು ಹಾಕಿಕೊಟ್ಟರು. ಮಾಂಸ ಇಡುವ ಮೊದಲು ಜಾಲರಿ ಉದ್ದಕ್ಕೂ ಬ್ರೆಡ್ ಜೋಡಿಸಿ ಎಲ್ಲಿ ಬೇಗ ಕೆಂಪಾಗುತ್ತದೆ ಅಂತ ನೋಡಿದೆ. ಮೊದಲು ಎರಡು ತುದಿಗೆ 80 ಡಿಗ್ರಿ ವ್ಯತ್ಯಾಸ ಇತ್ತು, ಈಗ 25. ಕಹಿ ಪೂರ್ತಿ ಹೋಯಿತು. ಮೊದಲ ತುಂಡು ಬಾಯಿಗಿಟ್ಟ ನನ್ನ ಹೆಂಡತಿ ಏನೂ ಹೇಳದೆ ಇನ್ನೊಂದು ತುಂಡು ತಗೊಂಡಳು, ಅಷ್ಟರಲ್ಲೇ ನನಗೆ ಗೊತ್ತಾಯಿತು.

ಇನ್ನು ಉಳಿದದ್ದು ಒಂದೇ. 16 ಬ್ರಿಸ್ಕೆಟ್ ಇಟ್ಟರೆ ರಾತ್ರಿಯಿಡೀ ಬೆಂಕಿ ಕಾಯಬೇಕು, ಬೆಳಿಗ್ಗೆ ರಿಬ್ಸ್‌ಗೆ ಮತ್ತೆ ಜಾಗ ಇಲ್ಲ. ಇನ್ನೂ ದೊಡ್ಡದು, 1000 ಗ್ಯಾಲನ್ ಬೇಕಾ?

ಹೂಸ್ಟನ್_ಅಡುಗೆಮನೆ:

ಬೇಡ ಮಾರಾಯ್ರೆ! ನಮ್ಮದು ಕೇಟರಿಂಗ್, ನಾವೂ ಇದೇ ಜಾಗದಲ್ಲಿ ಸಿಕ್ಕಿಬಿದ್ದಿದ್ದೆವು. ನಿಮಗೆ ಬೇಕಾದದ್ದು ಬಿಸಿ ಇಡುವ ಪೆಟ್ಟಿಗೆ, ವಾರ್ಮರ್. ಬ್ರಿಸ್ಕೆಟ್ ಶುಕ್ರವಾರ ಬೆಳಿಗ್ಗೆ ಹಾಕಿ. ಮಾಂಸದ ಒಳಗಿನ ಬಿಸಿ 203 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದು, ಚುಚ್ಚಿದ ಕಡ್ಡಿ ಬೆಣ್ಣೆಗೆ ಹೋದ ಹಾಗೆ ಹೋದಾಗ ರಾತ್ರಿ ತೆಗೆಯಿರಿ. ನೇರ ವಾರ್ಮರ್‌ಗೆ ಇಡಬೇಡಿ, ಅಲ್ಲೂ ಬೇಯುತ್ತಲೇ ಇರುತ್ತದೆ. ಹೊರಗೆ 170–180ಕ್ಕೆ ಇಳಿಯಲಿ, ಆಮೇಲೆ ಕಾಗದ ಸುತ್ತಿ 150ರಲ್ಲಿ ಬೆಳಗಿನವರೆಗೆ ಇಡಿ. 135ಕ್ಕಿಂತ ಕೆಳಗೆ ಹೋಗಲೇಬಾರದು, ಹೆಲ್ತ್ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಅದನ್ನು. ಇಷ್ಟು ಹೊತ್ತು ಇಟ್ಟ ಮಾಂಸ ಇನ್ನೂ ಮೆತ್ತಗೆ ಬರುತ್ತದೆ. ಶನಿವಾರ ಬೆಳಿಗ್ಗೆ ಸ್ಮೋಕರ್ ಪೂರ್ತಿ ರಿಬ್ಸ್‌ಗೆ. ಹಳೆಯ 250 ಮಾರಿಬಿಟ್ಟಿರಾ?

ಕರಾವಳಿ_ಕೆಂಡ:

ಇಲ್ಲ, ಗ್ಯಾರೇಜ್ ಪಕ್ಕದಲ್ಲೇ ಇದೆ.

ಹೂಸ್ಟನ್_ಅಡುಗೆಮನೆ:

ಮಾರಬೇಡಿ. ಟರ್ಕಿ, ಸಾಸೇಜ್ ಅದರಲ್ಲಿ ಮಾಡಿ. ಇನ್ನೊಂದು, ಖರೀದಿ ಲೆಕ್ಕ ಹಾಕುವಾಗ ಕೊಬ್ಬು ಕೊಯ್ದು ಬೇಯಿಸಿದ ಮೇಲೆ ಅರ್ಧ ತೂಕವೇ ಉಳಿಯುವುದು ಅಂತ ಇಟ್ಟುಕೊಳ್ಳಿ. 14 ಪೌಂಡ್ ತಂದರೆ ಮಾರಲು ಏಳು ಪೌಂಡ್. ಜಾಸ್ತಿ ಬೇಯಿಸುತ್ತಿದ್ದೀರಿ ಅಂತ ಬೆಲೆ ಇಳಿಸಲು ಹೋಗಬೇಡಿ.

ಕರಾವಳಿ_ಕೆಂಡ:

ಬಳಸಿದ ವಾರ್ಮರ್ ಒಂದು ಸಿಕ್ಕಿತು, ಈ ವಾರ ಹಾಗೇ ಮಾಡಿದೆವು. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಇಬ್ಬರೂ ಮಲಗಿದೆವು, ಮೂರು ವರ್ಷದಲ್ಲಿ ಮೊದಲ ಸಲ. ಶನಿವಾರ ಎರಡೂವರೆವರೆಗೂ ಮಾಂಸ ಇತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದವರಿಗೂ ರಿಬ್ಸ್ ಸಿಕ್ಕಿತು.